ಯಾವ ಮಿಯೊ? ಜಪಾನಿನಲ್ಲಿ ಮಗುವಿನ ಹೆಸರಿಗೆ ಕಾಂಜಿ ಆರಿಸುವ ಬಗೆ

ಮಗಳಿಗೆ ಹಲ್ಲು ತೋರಿಸಬೇಕು ಅಂತ ಕ್ಲಿನಿಕ್ಕಿಗೆ ಫೋನ್ ಮಾಡುತ್ತೇನೆ. ಹೆಸರು ಕೇಳುತ್ತಾರೆ. ಮಿಯೊ ಅನ್ನುತ್ತೇನೆ. "ಯಾವ ಕಾಂಜಿ?" ಅಂತ ಮರುಪ್ರಶ್ನೆ ಬರುತ್ತದೆ. "ಸಂಜುಯಿ ಪಕ್ಕದಲ್ಲಿ ಸೊನ್ನೆಯ ರೇ," ಅನ್ನುತ್ತೇನೆ. "ಹಾಂ, ಗೊತ್ತಾಯ್ತು," ಅನ್ನುತ್ತಾರೆ. ಆ ಕಡೆ ಪೆನ್ನು ಓಡುವ ಸದ್ದು ಕೇಳಿಸುತ್ತದೆ.

ಕಾಂಜಿ ಅಂದರೆ ಚೀನಾದಿಂದ ಜಪಾನಿಗೆ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರ. ಸಂಜುಯಿ ಅಂದರೆ ಅಕ್ಷರದ ಎಡಗಡೆ ಬರೆಯುವ ಮೂರು ಸಣ್ಣ ಗೀಟು. ಅದು ನೀರಿನ ಗುರುತು. ರೇ ಅಂದರೆ ಸೊನ್ನೆಯನ್ನು ಬರೆಯುವ ಅಕ್ಷರ. ಎರಡನ್ನೂ ಪಕ್ಕಪಕ್ಕ ಕೂರಿಸಿದರೆ ನನ್ನ ಮಗಳ ಹೆಸರು. ಕನ್ನಡದಲ್ಲಿ ಹೆಸರು ಕಿವಿಗೆ ಬಿದ್ದರೆ ಸಾಕು, ಬರೆದುಬಿಡುತ್ತೇವೆ. ಇಲ್ಲಿ ಹಾಗಾಗುವುದಿಲ್ಲ. ಕಿವಿಗೆ ಬಿದ್ದದ್ದು ಅರ್ಧ ಹೆಸರು. ಉಳಿದರ್ಧ ಕಾಗದದ ಮೇಲಿರುತ್ತದೆ.

ನಾನು ಮದುವೆಯಾಗಿ ಜಪಾನಿಗೆ ಬಂದವಳು. ನಮ್ಮ ಮನೆಯವರು ಇಲ್ಲಿಯವರೇ. ಮಗಳು ಹುಟ್ಟಿದ್ದು 2019ರ ಜೂನ್‌ನಲ್ಲಿ. ಆಗ ನಾನು ಪಟ್ಟ ಗೊಂದಲ ಇನ್ನೊಬ್ಬರು ಪಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಜಪಾನೀ ಹೆಸರುಗಳ ಬಗ್ಗೆ ಸುಮ್ನೆ ಕುತೂಹಲ ಇರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಒಂದೇ ಉಲಿ, ಬೇರೆ ಬೇರೆ ಹೆಸರು

ಮಿಯೊ ಅನ್ನೋದನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಇದೇ ಉಲಿಯ ಐದು ಕೂಸುಗಳು ಸಾಲಾಗಿ ಮಲಗಿವೆ ಅಂದುಕೊಳ್ಳಿ. ಐದಕ್ಕೂ ಐದು ಹೆಸರಿರಬಹುದು.

ಒಂದು ಮನೆಯವರು "ಚೆಲುವು" ಅನ್ನುವ ಕಾಂಜಿಯ ಪಕ್ಕ "ಸಕುರ" ಮರದ ಕಾಂಜಿ ಇಡುತ್ತಾರೆ. ಸಕುರ ಹೂ ಅರಳುವ ದಿನಗಳಲ್ಲಿ ಹುಟ್ಟಿದ ಮಗು ಅಂತ ಹೆಸರು ನೋಡಿದವರಿಗೆ ಅನ್ನಿಸುತ್ತದೆ. ಇನ್ನೊಂದು ಮನೆಯವರು ಚೆಲುವಿನ ಪಕ್ಕ "ಸದ್ದು" ಅನ್ನುವ ಅಕ್ಷರ ಇಡುತ್ತಾರೆ. ಮನೆಯಲ್ಲಿ ಯಾರೋ ಹಾಡುವವರು ಇರಬೇಕು ಅನ್ನಿಸುತ್ತದೆ. ಮೂರನೆಯವರದು ನನಗೆ ತುಂಬ ಇಷ್ಟ. ಚೆಲುವಿನ ಪಕ್ಕ "ದಾರದ ತುದಿ". ನೂಲಿನ ಉಂಡೆಯಲ್ಲಿ ಹುಡುಕಿ ಹಿಡಿಯುವ ಮೊದಲ ಎಳೆ ಇರುತ್ತದಲ್ಲ, ಅದು. ಅದಕ್ಕೇ ಆ ಅಕ್ಷರಕ್ಕೆ "ಶುರು" ಅನ್ನುವ ಅರ್ಥವೂ ಇದೆ. "ಒಟ್ಟಿಗೆ" ಅನ್ನಲು ಬಳಸುವ ಇಶ್ಶೋ ಎಂಬ ಮಾತಿನಲ್ಲೂ ಅದೇ ಅಕ್ಷರ ಕೂತಿದೆ. ಫೋನಿನಲ್ಲಿ ಹೇಳುವಾಗ "ಇಶ್ಶೋದ ಶೋ" ಅಂದರೆ ಆಯಿತು.

ನಾಲ್ಕನೆಯದು ವಿಚಿತ್ರ. "ಇನ್ನೂ ಇಲ್ಲ" ಅನ್ನುವ ಅಕ್ಷರ, ಪಕ್ಕದಲ್ಲಿ "ನಡು" ಅನ್ನುವ ಅಕ್ಷರ. ಬಿಡಿಬಿಡಿಯಾಗಿ ನೋಡಿದರೆ ತಲೆಬುಡ ಇಲ್ಲ. ಆದರೆ ಹಳೆಯ ಚೀನೀ ಭಾಷೆಯಲ್ಲಿ ಈ ಜೋಡಿಗೆ "ಇನ್ನೂ ಮುಗಿದಿಲ್ಲ, ಕೊನೆಯಿಲ್ಲ" ಅಂತ ಅರ್ಥ. ಚಾಂಗಾನ್ ನಗರದಲ್ಲಿದ್ದ ಹಾನ್ ದೊರೆಗಳ ಅರಮನೆಗೆ ಇದೇ ಹೆಸರಿತ್ತು.

ಐದನೆಯದು ನಮ್ಮದು. ಒಂದೇ ಅಕ್ಷರ, ನೀರು ಮತ್ತು ಸೊನ್ನೆ. ಅದರ ಅರ್ಥಕ್ಕೆ ಆಮೇಲೆ ಬರುತ್ತೇನೆ.

ಎಲ್ಲಿಂದ ಶುರು ಮಾಡಬೇಕು

ಉಲಿಯಿಂದ ಶುರು ಮಾಡಬಹುದು, ಅಕ್ಷರದಿಂದಲೂ ಮಾಡಬಹುದು. ಮನೆತನದ ಅಕ್ಷರ ಒಂದಿದ್ದರೆ ಅದನ್ನೇ ಹಿಡಿಯಬಹುದು. ನಾವು ಉಲಿಯಿಂದ ಶುರು ಮಾಡಿದೆವು. ಎರಡು ಭಾಷೆಯ ಮನೆಗೆ ಅದೇ ಸುಲಭ ಅಂತ ನನಗೆ ಈಗಲೂ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಮೊದಲ ಆಯ್ಕೆ ಹರುಕ. ಬಹಳ ದೂರದ, ದಿಗಂತದ ಆಚೆಗಿನ ಅನ್ನುವ ಅರ್ಥದ ಒಂದೇ ಅಕ್ಷರದಲ್ಲಿ ಬರೆಯಬಹುದು. "ವಸಂತ" ಮತ್ತು "ಪರಿಮಳ" ಸೇರಿಸಿಯೂ ಬರೆಯಬಹುದು. ಇಬ್ಬರಿಗೂ ಹಿಡಿಸಿತ್ತು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಹರುಕು ಬಟ್ಟೆ ಅಂತೀವಲ್ಲ, ಹಂಗೆ ಕೇಳ್ಸುತ್ತೆ ಕಣೇ," ಅಂದರು. ಆ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ನನಗೆ ಆ ಹೆಸರನ್ನು ಬಾಯ್ತುಂಬ ಕರೆಯಲು ಆಗಲಿಲ್ಲ. ಹಾಗಾಗಿ ಉಲಿಯನ್ನು ಮೊದಲು ಎರಡೂ ಕಡೆಯ ಅಜ್ಜಿಯರ ಬಾಯಲ್ಲಿ ಕೇಳಿ. ಕಾಂಜಿಯ ಮೇಲೆ ಮನಸ್ಸು ಕೂತ ಮೇಲೆ ಉಲಿ ಬಿಡುವುದು ಬಹಳ ಕಷ್ಟ.

ಉಲಿಯನ್ನು ಮನೆತನದ ಹೆಸರಿನ ಜತೆ ಸೇರಿಸಿಯೂ ಕೂಗಿ ನೋಡಬೇಕು. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಮಿಜುತ ಮನೆತನದವರು ಮಗಳಿಗೆ ಮಾರಿ ಅಂತ ಇಟ್ಟರೆ ಒಟ್ಟಾಗಿ "ಮಿಜುತಮಾರಿ" ಆಗುತ್ತದೆ. ಹಾಗಂದರೆ ಮಳೆ ನೀರು ನಿಂತ ಗುಂಡಿ. ಇಂಥದ್ದು ಕಾಗದದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಜೋರಾಗಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಅಕ್ಷರದಿಂದ ಶುರು ಮಾಡುವವರಲ್ಲಿ ಎರಡು ಹೆಸರು ಇಡೀ ದೇಶಕ್ಕೆ ಗೊತ್ತು. 2001ರ ಡಿಸೆಂಬರ್ 1ರಂದು ಹುಟ್ಟಿದ ರಾಜಕುಮಾರಿ ಐಕೊ ಒಬ್ಬರು. ಬೇರೆಯವರನ್ನು ಪ್ರೀತಿಸುವವರನ್ನು ಬೇರೆಯವರೂ ಸದಾ ಪ್ರೀತಿಸುತ್ತಾರೆ, ಬೇರೆಯವರನ್ನು ಗೌರವಿಸುವವರನ್ನು ಬೇರೆಯವರೂ ಗೌರವಿಸುತ್ತಾರೆ ಅಂತ ಚೀನಾದ ಚಿಂತಕ ಮೆನ್ಶಿಯಸ್ ಹೇಳಿದ್ದ. ಅದರಲ್ಲಿ "ಪ್ರೀತಿ" ಹೆಸರಾಯಿತು. "ಗೌರವ" ಅವರ ತೋಶಿ ಅನ್ನುವ ಬಿರುದಾಯಿತು. ಇನ್ನೊಂದು ಹೆಸರು ಬೇಸ್‌ಬಾಲ್ ಆಟಗಾರ ಒತಾನಿ ಶೋಹೇ ಅವರದು. "ಶೋ" ಅಂದರೆ ಮೇಲಕ್ಕೆ ಹಾರುವುದು. 12ನೇ ಶತಮಾನದ ವೀರ ಯೋಶಿತ್ಸುನೆಯನ್ನು ನೆನೆದು ಆರಿಸಿದ ಅಕ್ಷರ ಅದು. "ಹೇ" ಬಂದದ್ದು ಯೋಶಿತ್ಸುನೆಯ ನಂಟಿರುವ ಹಿರಾಯಿಜುಮಿ ಊರಿನಿಂದ. ಆ ಊರು ಒತಾನಿ ಅವರ ಇವಾತೆ ಪ್ರಾಂತ್ಯದಲ್ಲೇ ಇದೆ. ಗಮನಿಸಿ, ಊರಿನ ಹೆಸರಲ್ಲಿ "ಹಿರಾ" ಅಂತ ಓದುವ ಅಕ್ಷರವನ್ನೇ ಆಟಗಾರನ ಹೆಸರಲ್ಲಿ "ಹೇ" ಅಂತ ಓದುತ್ತಾರೆ.

ಮನೆತನದ ಅಕ್ಷರಕ್ಕೆ ಹಿಂದೆ ಜಪಾನನ್ನು ಆಳಿದ ತೊಕುಗಾವ ಶೋಗನ್‌ಗಳನ್ನು ನೋಡಿದರೆ ಸಾಕು. 15 ಜನರಲ್ಲಿ 11 ಜನರ ಹೆಸರು "ಇಯೆ" ಅನ್ನುವ ಒಂದೇ ಅಕ್ಷರದಿಂದ ಶುರುವಾಗುತ್ತದೆ. ಅದಕ್ಕೆ "ಮನೆ" ಅಂತಲೇ ಅರ್ಥ. ಈಗಲೂ ಅಪ್ಪನ ಅಥವಾ ತಾತನ ಒಂದು ಅಕ್ಷರ ಮಗುವಿಗೆ ಇಳಿಯುತ್ತದೆ. ಹಾಗೆ ಇಳಿದದ್ದು ಅಂಕಿಯ ಅಕ್ಷರವೂ ಆಗಿರಬಹುದು. ಆದ್ದರಿಂದ ಹೆಸರಲ್ಲಿ ಅಂಕಿ ಕಂಡ ಕೂಡಲೇ ಹುಟ್ಟಿದ ಸರದಿ ಅಂದುಕೊಳ್ಳಬೇಡಿ. ಬೇಸ್‌ಬಾಲಿನ ಇಚಿರೋ ಅವರ ಹೆಸರಲ್ಲಿ "ಒಂದು" ಇದೆ, ಆದರೆ ಅವರು ಎರಡನೇ ಮಗ. ಅವರ "ರೋ" ಕೂಡ ಎಲ್ಲರೂ ಬರೆಯುವ "ಗಂಡು ಮಗ" ಅನ್ನುವ ರೋ ಅಲ್ಲ. ಅದನ್ನೇ ಹೋಲುವ, "ನಗುಮುಖದ, ತಿಳಿಯಾದ" ಅನ್ನುವ ಅರ್ಥದ ರೋ.

ಯಾವ ಅಕ್ಷರಕ್ಕೆ ಅನುಮತಿ ಇದೆ

ಯಾವ ಕಾಂಜಿ ಬೇಕಾದರೂ ಇಡಲು ಬರುವುದಿಲ್ಲ. ಕುಟುಂಬದ ದಾಖಲೆಗೆ ಇಲ್ಲಿ ಕೊಸೆಕಿ ಅನ್ನುತ್ತಾರೆ. ಕೊಸೆಕಿಗೆ ಹೋಗುವ ಹೆಸರಿನಲ್ಲಿ ದಿನಬಳಕೆಯ 2136 ಜೋಯೋ ಕಾಂಜಿ ಮತ್ತು ಹೆಸರಿಗೆಂದೇ ಒಪ್ಪಿದ 863 ಜಿಮ್ಮೇಯೋ ಕಾಂಜಿ ಬಳಸಬಹುದು. ಎರಡೂ ಸೇರಿ 2999. ಇವುಗಳ ಜತೆಗೆ ಹಿರಗಾನ, ಕತಕಾನ ಅನ್ನುವ, ಉಲಿಯನ್ನಷ್ಟೇ ಬರೆಯುವ ಎರಡು ಲಿಪಿಗಳು. ನಿಮ್ಮ ಅಕ್ಷರ ಪಟ್ಟಿಯಲ್ಲಿದೆಯಾ ಅಂತ ನ್ಯಾಯ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ಈ ಕೆಲಸವನ್ನು ಮೊದಲೇ ಮಾಡಿಕೊಳ್ಳಿ, ಮಗು ಹುಟ್ಟಿದ ಮೇಲೆ ಅಲ್ಲ.

ಈ ಪಟ್ಟಿ ಬೆಳೆದ ಕತೆ ನನಗೆ ಬಹಳ ಪ್ರಿಯ. 1948ರಲ್ಲಿ ಹೊಸ ಕಾನೂನು ಬಂದಾಗ 1850 ಅಕ್ಷರಗಳಷ್ಟೇ ಸಿಕ್ಕವು. ತಲೆತಲಾಂತರದಿಂದ ಹೆಸರಲ್ಲಿದ್ದ "ಹಿಕೊ", "ನಾ", ತಿಳಿವಿನ "ತೊಮೊ" ಎಲ್ಲ ಹೊರಗುಳಿದವು. ದೀರ್ಘಾಯುಷ್ಯ ಕೋರುವ ಕೊಕ್ಕರೆ, ಆಮೆಯೂ ಹೊರಗೆ. ಜನ ಸುಮ್ಮನಿರಲಿಲ್ಲ. 1951ರಲ್ಲಿ 92 ಅಕ್ಷರ ಸೇರಿಸಿದರು. ಆಮೇಲೆ ಅಪ್ಪ ಅಮ್ಮಂದಿರು ಒಂದೊಂದು ಅಕ್ಷರಕ್ಕೂ ಕೋರ್ಟಿಗೆ ಹೋದರು. ಒಕಿನಾವಾದ ಹಳೆಯ ಹೆಸರು ರ್ಯೂಕ್ಯೂ. ಅದರ "ರ್ಯೂ" ಪಟ್ಟಿಗೆ ಬಂದದ್ದು 1997ರಲ್ಲಿ, ಅಲ್ಲಿನ ನಾಹಾ ಕೌಟುಂಬಿಕ ನ್ಯಾಯಾಲಯದ ತೀರ್ಪಿನ ನಂತರ. ತಮ್ಮ ನಾಡಿನ ಅಕ್ಷರ ತಮ್ಮ ಮಗುವಿಗೆ ಸಿಗಲಿಲ್ಲ ಅಂದರೆ ಯಾರು ಬಿಟ್ಟಾರು?

2004ರಲ್ಲಿ ಒಮ್ಮೆಗೇ 488 ಅಕ್ಷರ ಸೇರಿದವು. ಸ್ಟ್ರಾಬೆರಿ ಹಣ್ಣಿನ "ಇಚಿಗೊ" ಬಂದದ್ದು ಆಗಲೇ. ಮೊದಲ ಕರಡಿನಲ್ಲಿ 578 ಇದ್ದವು. ಅದರೊಳಗೆ ಮಲ, ಹೆಣ, ಶಾಪ, ಕ್ಯಾನ್ಸರ್ ಅನ್ನುವ ಅರ್ಥದ ಅಕ್ಷರಗಳೂ ಇದ್ದವು. ಬಳಕೆ ಎಷ್ಟಿದೆ ಅಂತಷ್ಟೇ ನೋಡಿ ಆರಿಸಿದ್ದರು. ಜನ ವಿರೋಧ ಮಾಡಿದ ಮೇಲೆ ತೆಗೆದರು.

ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಇಡಬಹುದು ಅಂತಲೂ ಅಲ್ಲ. 1993ರಲ್ಲಿ ಟೋಕಿಯೋದ ಅಕಿಶಿಮಾ ನಗರದಲ್ಲಿ ಒಬ್ಬ ತಂದೆ ಮಗನಿಗೆ ಅಕುಮಾ ಅಂತ ಬರೆಸಲು ಹೋದ. ಅಕುಮಾ ಅಂದರೆ ಪಿಶಾಚಿ. ಎರಡೂ ಅಕ್ಷರ ದಿನಬಳಕೆಯವೇ. ಆದರೂ ಕೊನೆಗೆ ಮಗುವಿಗೆ ಬೇರೆ ಹೆಸರೇ ಬಂತು.

ನಿಘಂಟು ತೆರೆಯದೆ ಯಾವುದನ್ನೂ ಒಪ್ಪಬೇಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ನಮ್ಮಂಥ ಹೊರಗಿನವರು ಎಡವುವುದೂ ಇಲ್ಲೇ.

ನನಗೆ ಚಂದಿರನ ಅಕ್ಷರ ಇಷ್ಟ. ನಾಲ್ಕೇ ಗೀಟು, ಕಿಟಕಿಯ ಹಾಗೆ ಕಾಣುತ್ತದೆ. ಸಮುದ್ರದ ಅಕ್ಷರವೂ ಇಷ್ಟ. ಏಳನೇ ತಿಂಗಳಲ್ಲಿ ಒಂದು ಸಂಜೆ ಎರಡನ್ನೂ ಸೇರಿಸಿ ಬರೆದೆ. ಕಡಲು, ಚಂದಿರ. ಮಿಜುಕಿ ಅಂತ ಓದಿಸೋಣ ಅಂದುಕೊಂಡೆ. ಕಾಗದವನ್ನು ನಮ್ಮ ಮನೆಯವರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, ನನಗೆ ಬೇಜಾರಾಗಬಾರದು ಅಂತ ಮೆಲ್ಲಗೆ ಓದಿದರು: "ಕುರಾಗೆ." ಕುರಾಗೆ ಅಂದರೆ ಜೆಲ್ಲಿ ಮೀನು. ಕಡಲಲ್ಲಿ ತೇಲುವ ಚಂದಿರ ಅಂತ ಆ ಪ್ರಾಣಿಯನ್ನು ಯಾವಾಗಲೋ ಹಾಗೆ ಬರೆಯಲು ಶುರು ಮಾಡಿದ್ದಾರೆ. ಹಾಗೆಯೇ ಕಡಲು ಮತ್ತು ನಕ್ಷತ್ರ ಸೇರಿದರೆ ನಕ್ಷತ್ರಮೀನು. "ಮನಸ್ಸು" ಮತ್ತು ಗಂಡು ಹೆಸರಿನ ಕೊನೆಗೆ ಬರುವ "ತಾ" ಸೇರಿದರೆ ಕಡಲಪಾಚಿಯಿಂದ ಮಾಡುವ ತೊಕೊರೊತೆನ್ ಅನ್ನುವ ತಿನಿಸು. "ಬೇಗ" ಮತ್ತು "ಲೋಕ" ಸೇರಿಸಿ ಸಾಯೊ ಅಂತ ಮುದ್ದಾಗಿ ಓದಬಹುದು. ಆದರೆ ನಿಘಂಟಿನಲ್ಲಿ ಆ ಜೋಡಿಗೆ ಚಿಕ್ಕ ವಯಸ್ಸಿನಲ್ಲೇ ಸಾಯುವುದು ಅಂತ ಅರ್ಥ. ಅದಕ್ಕೇ ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು. ಜೋಡಿಯಾಗಿಯೂ ಹುಡುಕಬೇಕು.

ಚಂದಿರನ ಬಗ್ಗೆ ಇನ್ನೊಂದು ಎಚ್ಚರಿಕೆ. ಅಕ್ಷರದ ಎಡಗಡೆ ಚಂದಿರನಂತೆ ಕಾಣುವ ಭಾಗ ಎಷ್ಟೋ ಸಲ ಚಂದಿರನಲ್ಲ, ಮಾಂಸ. ಎರಡೂ ಬರೆಯಲು ಒಂದೇ ಥರ. ಎಡಕ್ಕೆ ಚಂದಿರ, ಬಲಕ್ಕೆ ಬೆಳಕು ಇರುವ ಅಕ್ಷರ ನೋಡಿದರೆ ಬೆಳದಿಂಗಳು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಮೂತ್ರಕೋಶದ ಅಕ್ಷರ. ಚಂದಿರ ಮತ್ತು ನಕ್ಷತ್ರ ಸೇರಿದ ಅಕ್ಷರಕ್ಕೆ ಹಸಿ ಮೀನಿನ ವಾಸನೆ ಅಂತ ಅರ್ಥ. ಚಿತ್ರ ನೋಡಿ ಅರ್ಥ ಊಹಿಸಬೇಡಿ.

ಹಾಗಂತ ಒಳ್ಳೆಯ ಅರ್ಥ ಒಂದೇ ಸಾಲಿನದು ಅಂತಲೂ ಅಲ್ಲ. ರಿನ್ ಅನ್ನುವ ಹೆಸರು ಈಗ ತುಂಬ ಜಾಸ್ತಿ. ಅದರ ಅಕ್ಷರಕ್ಕೆ ಗಂಭೀರ, ನೆಟ್ಟಗೆ ನಿಂತ ಅನ್ನುವ ಅರ್ಥ. ಆದರೆ ಮೂಲ ಅರ್ಥ ಕೊರೆಯುವ ಚಳಿ. ಮಾಘದ ಬೆಳಗಿನ ಗಾಳಿಗೆ ಬೆನ್ನು ನೆಟ್ಟಗಾಗುತ್ತದಲ್ಲ, ಅಲ್ಲಿಂದ ಬಂದ ಗಾಂಭೀರ್ಯ. ಚಳಿಯನ್ನು ತಿಳಿದು ಇಟ್ಟರೆ ಹೆಸರು ಇನ್ನೂ ಚೆನ್ನ. ತ್ಸುಮುಗಿ ಅನ್ನುವ ಹೆಸರೂ ಹಾಗೆಯೇ. ಅದು ರೇಷ್ಮೆ ಬಟ್ಟೆಯ ಹೆಸರು, ಆದರೆ ನಯವಾದ ಹೊಳೆಯುವ ರೇಷ್ಮೆಯಲ್ಲ. ಕೈಯಲ್ಲಿ ನೂತ ಎಳೆಗಳಿಂದ ನೇಯ್ದದ್ದು. ಮುಟ್ಟಿದರೆ ಅಲ್ಲಲ್ಲಿ ಗಂಟು ಸಿಗುತ್ತದೆ, ಬಾಳಿಕೆ ಜಾಸ್ತಿ.

ಸೊನ್ನೆಯ ಜಗಳ

ನಮ್ಮ ಮಿಯೊ ಅಕ್ಷರಕ್ಕೆ ದೋಣಿಯ ದಾರಿ ಅಂತ ಅರ್ಥ. ಹೊಳೆ ಕಡಲು ಸೇರುವ ಜಾಗದಲ್ಲಿ ನೀರು ತೆಳ್ಳಗೆ ಹರಡಿರುತ್ತದೆ. ಎಲ್ಲಿ ಹೋದರೂ ದೋಣಿ ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಅದರ ನಡುವೆ ಒಂದು ಆಳವಾದ ಹಾದಿ ಇರುತ್ತದೆ, ಮೇಲಿಂದ ಕಾಣುವುದಿಲ್ಲ. ಆ ಹಾದಿಯೇ ಮಿಯೊ. ಎರಡು ನಾಡಿನ ನಡುವೆ ಓಡಾಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಎಲ್ಲೂ ಸಿಗಲಿಲ್ಲ.

ಅತ್ತೆಗೆ ಮಾತ್ರ ಸಮಾಧಾನ ಆಗಲಿಲ್ಲ. ಕನ್ನಡಕ ಹಾಕಿಕೊಂಡು ಅಕ್ಷರವನ್ನು ಹತ್ತಿರ ಹಿಡಿದು ನೋಡಿದರು. "ಇದರೊಳಗೆ ಸೊನ್ನೆ ಇದೆಯಲ್ಲಮ್ಮಾ. ಮಗುವಿನ ಹೆಸರಲ್ಲಿ ಸೊನ್ನೆ ಯಾಕೆ?" ಅಂದರು. ನಿಜ, ಬಲಭಾಗ ಪೂರ್ತಿ ಸೊನ್ನೆಯ ಅಕ್ಷರವೇ.

ಆಗ ನಮ್ಮ ಮನೆಯವರು ದೊಡ್ಡ ನಿಘಂಟು ತಂದು ಅತ್ತೆಯ ಪಕ್ಕ ಕೂತರು. ಸೊನ್ನೆಯ ಅಕ್ಷರವನ್ನು ಇನ್ನೂ ಒಡೆದು ತೋರಿಸಿದರು. ಮೇಲೆ ಮಳೆ. ಕೆಳಗೆ ರೇ ಅನ್ನುವ ಉಲಿ ಕೊಡುವ ಒಂದು ಸಣ್ಣ ಅಕ್ಷರ. ಆ ಅಕ್ಷರದ ಹಳೆಯ ಅರ್ಥ ಸದ್ದಿಲ್ಲದೆ ಬೀಳುವ ಮಳೆಹನಿ. ಸೊನ್ನೆ ಅನ್ನುವ ಅರ್ಥ ಬಹಳ ಆಮೇಲೆ ಬಂದು ಕೂತದ್ದು.

ಅತ್ತೆ ಒಪ್ಪಿದ್ದು ಮಾತ್ರ ಬೇರೆ ಕಾರಣಕ್ಕೆ. ಅವರು ಹುಟ್ಟಿ ಬೆಳೆದದ್ದು ಒಸಾಕಾದಲ್ಲಿ. ದೋಣಿಯ ಹಾದಿ ಗೊತ್ತಾಗಲಿ ಅಂತ ನೀರಿನಲ್ಲಿ ನೆಡುವ ಕಂಬಕ್ಕೆ ಮಿಯೊತ್ಸುಕುಶಿ ಅನ್ನುತ್ತಾರೆ. 1894ರಿಂದ ಒಸಾಕಾ ನಗರದ ಲಾಂಛನ ಅದೇ. ಅತ್ತೆ ಅದನ್ನು ಚಿಕ್ಕಂದಿನಿಂದ ನೋಡಿದ್ದರು. ಆದರೆ ಹಿರಗಾನದಲ್ಲಿ ಬರೆದದ್ದನ್ನೇ ನೋಡಿದ್ದರು. ಆ ಕಂಬದ ಮೊದಲ ಅಕ್ಷರ ಇದೇ ಅಂತ ಗೊತ್ತಾದಾಗ ಕನ್ನಡಕ ತೆಗೆದು, "ನಮ್ಮೂರಿನ ಗುರುತು ಇದು," ಅಂದರು. ಆಮೇಲೆ ಸೊನ್ನೆಯ ಮಾತು ಬರಲೇ ಇಲ್ಲ.

ಇನ್ನೊಂದು ಸಂಗತಿ ನಮಗೆ ಹೊಳೆದದ್ದು ಅದೇ ರಾತ್ರಿ. ಮಳೆಯ ಕೆಳಗಿರುವ ಆ ಸಣ್ಣ ಅಕ್ಷರ ರೇವಾದ ರೇ. 2019ರ ಮೇ 1ರಂದು ರೇವಾ ಶಕೆ ಶುರುವಾಗಿತ್ತು. ಮಗಳು ಹುಟ್ಟುವುದು ಮರು ತಿಂಗಳೇ. ಹೆಸರಲ್ಲಿ ಶಕೆಯನ್ನು ಇಡುವುದು ಹೊಸದೇನಲ್ಲ. ಶೋವಾ ಶಕೆಯ ಎರಡನೇ ವರ್ಷ, ಅಂದರೆ 1927ರಲ್ಲಿ, ಶೋಜಿ ಅನ್ನುವ ಹೆಸರು ಗಂಡುಮಕ್ಕಳಲ್ಲಿ ಮೊದಲ ಸ್ಥಾನಕ್ಕೆ ಬಂತು. ಶೋವಾದ ಶೋ, ಜತೆಗೆ "ಎರಡು". ಮರು ವರ್ಷ ಶೋಜೋ, ಅಂದರೆ ಶೋ ಮತ್ತು "ಮೂರು". ಎರಡನೇ ಮಗ, ಮೂರನೇ ಮಗ ಅಂತಲ್ಲ, ಶಕೆಯ ವರ್ಷ. ಹೆಣ್ಣುಮಕ್ಕಳಲ್ಲಿ ಶೋವಾದ "ವಾ" ಹಿಡಿದು ಬರೆಯುವ ಕಜುಕೊ ಎಷ್ಟೋ ವರ್ಷ ಮುಂದಿತ್ತು. ಅವರು ಎದ್ದು ಕಾಣುವ ಹಾಗೆ ಬರೆದರು. ನಮ್ಮದರಲ್ಲಿ ಅದು ಮಳೆಯ ಅಡಿಯಲ್ಲಿ ಸುಮ್ಮನೆ ನಿಂತಿದೆ.

ಗೀಟುಗಳ ಲೆಕ್ಕ

ಅಕ್ಷರದ ಗೀಟುಗಳನ್ನು ಎಣಿಸಿ ಭವಿಷ್ಯ ಹೇಳುವ ಪದ್ಧತಿಗೆ ಸೇಯ್‌ಮೇಯ್ ಹಂದಾನ್ ಅನ್ನುತ್ತಾರೆ. ಮನೆತನದ ಹೆಸರಿನ ಗೀಟು, ಮಗುವಿನ ಹೆಸರಿನ ಗೀಟು, ಒಟ್ಟು ಗೀಟು ಅಂತ ಐದು ಥರದ ಮೊತ್ತ ಹಾಕುತ್ತಾರೆ. ನಂಬಬೇಕಾ ಬೇಡವಾ ಅನ್ನುವುದು ನಿಮ್ಮ ಮನೆಗೆ ಬಿಟ್ಟದ್ದು. ನನ್ನ ಸಲಹೆ ಇಷ್ಟೇ. ನೋಡುವುದಾದರೆ ಮೊದಲೇ ಒಂದು ಪುಸ್ತಕ ಗೊತ್ತು ಮಾಡಿಕೊಳ್ಳಿ, ಎರಡನೆಯದನ್ನು ತೆರೆಯಬೇಡಿ. ನಮ್ಮ ಮಿಯೊ 16 ಗೀಟು. ಆದರೆ ಕೆಲವರು ಸಂಜುಯಿಯನ್ನು ನೀರಿನ ಪೂರ್ತಿ ಅಕ್ಷರ ಅಂತ ಹಿಡಿದು ಮೂರರ ಬದಲು ನಾಲ್ಕು ಎಣಿಸುತ್ತಾರೆ. ಆಗ 17. ಒಂದು ಪುಸ್ತಕದಲ್ಲಿ ಶುಭ ಅಂತ ಬಂದದ್ದು ಇನ್ನೊಂದರಲ್ಲಿ ಅಶುಭ ಆಗಿತ್ತು. ಅತ್ತೆ ಮೂರು ದಿನ ನಿದ್ದೆಗೆಟ್ಟರು.

ಗೀಟುಗಳನ್ನು ಎಣಿಸಲು ಅದಕ್ಕಿಂತ ಒಳ್ಳೆಯ ಕಾರಣ ಮಗುವಿನ ಕೈ. ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ ಮಕ್ಕಳು 1026 ಕಾಂಜಿ ಕಲಿಯುತ್ತಾರೆ. ಮಿಯೊ ಅದರೊಳಗೆ ಇಲ್ಲ, ಹೆಸರಿಗೆಂದೇ ಇರುವ ಪಟ್ಟಿಯಲ್ಲಿದೆ. ಅಂದರೆ ಯಾವ ಟೀಚರೂ ಅದನ್ನು ಪಾಠವಾಗಿ ಹೇಳಿಕೊಡುವುದಿಲ್ಲ. ನಾವೇ ಮನೆಯಲ್ಲಿ ಕಲಿಸಬೇಕು. ಮಗುವಿಗೆ ಮೊದಲು ಹಿರಗಾನ ಸಾಕು. ಕಾಂಜಿಯನ್ನು ನಾವು ಭಾಗ ಮಾಡಿ ತೋರಿಸಿದೆವು. ಮೊದಲು ಮೂರು ಹನಿ. ಮೂರನೇ ಹನಿ ಕೆಳಗಿನಿಂದ ಮೇಲಕ್ಕೆ ಏಳಬೇಕು. ಆಮೇಲೆ ಮಳೆ, ಅದರೊಳಗೆ ನಾಲ್ಕು ಚುಕ್ಕಿ. ಕೊನೆಗೆ ರೇ. ಆ ರೇಯ ಕೆಳಭಾಗ ಅಚ್ಚಿನಲ್ಲಿ ಒಂದು ಥರ, ಕೈಬರಹದಲ್ಲಿ ಇನ್ನೊಂದು ಥರ ಇರುತ್ತದೆ. ಎರಡೂ ಸರಿಯೇ. ಇಂಥ ಕಡೆ ಎರಡು ರೂಪವೂ ಒಪ್ಪಬೇಕು ಅಂತ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯೇ 2016ರಲ್ಲಿ ಮಾರ್ಗಸೂಚಿ ಕೊಟ್ಟಿದೆ.

ಹೆಸರನ್ನು ಮೇಲಿಂದ ಕೆಳಕ್ಕೆ, ಮನೆತನದ ಹೆಸರಿನ ಜತೆ, ಕುಂಚದಲ್ಲಿ ಒಮ್ಮೆ ಬರೆದು ನೋಡಿ. ಎಲ್ಲ ಅಕ್ಷರವೂ ಇಡಿಕಿರಿದಿದ್ದರೆ ಕಪ್ಪು ಮುದ್ದೆಯಾಗುತ್ತದೆ. ನಮ್ಮ ಮನೆತನದ ಅಕ್ಷರಗಳು ತೆಳು. ಹಾಗಾಗಿ 16 ಗೀಟು ಭಾರ ಅನ್ನಿಸಲಿಲ್ಲ.

ಓದುವವರಿಗೆ ಓದಲು ಬರಬೇಕು

ಒಂದು ಕಾಂಜಿಗೆ ಚೀನಾದಿಂದ ಬಂದ ಓದು, ಜಪಾನಿನ ಸ್ವಂತ ಓದು, ಇವೆರಡರ ಜತೆಗೆ ಹೆಸರುಗಳಲ್ಲಿ ಮಾತ್ರ ಬರುವ ಓದೂ ಇರುತ್ತದೆ. ಆ ಮೂರನೆಯದಕ್ಕೆ ನಾನೊರಿ ಅನ್ನುತ್ತಾರೆ. ಹಾಗಾಗಿ ಅರ್ಥ ಎಷ್ಟೇ ಚೆನ್ನಾಗಿದ್ದರೂ ಓದು ತಪ್ಪಬಹುದು. "ದೊಡ್ಡ" ಮತ್ತು "ಹಾರು" ಸೇರಿದ ಗಂಡು ಹೆಸರನ್ನು ಹಿರೊತೊ ಅನ್ನಬಹುದು, ಹರುತೊ ಅನ್ನಬಹುದು, ಯಮತೊ ಅಂತಲೂ ಓದುವವರಿದ್ದಾರೆ. "ಬಿಸಿಲು" ಮತ್ತು "ಸೊಪ್ಪು" ಸೇರಿದರೆ ಹಿನಾ, ಇಲ್ಲವೇ ಹರುನಾ.

ನಾನು ಒಂದು ಪರೀಕ್ಷೆ ಮಾಡಿದೆ. ಚೀಟಿಯಲ್ಲಿ ಬರೀ ಕಾಂಜಿ ಬರೆದು ಐದು ಜನ ಗೆಳತಿಯರಿಗೆ ತೋರಿಸಿದೆ. ಮೂವರು ಮಿಯೊ ಅಂದರು. ಇಬ್ಬರು ರೇ ಅಂದರು. ಅದೂ ಆ ಅಕ್ಷರದ ಸರಿಯಾದ ಓದೇ. ಎರಡು ಓದಿನವರೆಗೆ ಪರವಾಗಿಲ್ಲ ಅಂತ ನಾವು ತೀರ್ಮಾನ ಮಾಡಿದ್ದೆವು. ಐದು ಜನ ಐದು ಥರ ಓದಿದ್ದರೆ ಬಿಡುತ್ತಿದ್ದೆವು. ಈಗಲೂ ಒಮ್ಮೊಮ್ಮೆ ಕಾಯುವ ಜಾಗದಲ್ಲಿ "ರೇ-ಚಾನ್" ಅಂತ ಕರೆಯುತ್ತಾರೆ. ಮಗಳು ನನ್ನ ಮುಖ ನೋಡುತ್ತಾಳೆ. ಆಮೇಲೆ ತಾನೇ ಎದ್ದು ಹೋಗಿ "ಮಿಯೊ" ಅಂತ ತಿದ್ದುತ್ತಾಳೆ.

ಇಷ್ಟು ವರ್ಷ ಕೊಸೆಕಿಯಲ್ಲಿ ಓದನ್ನು ಬರೆಯುತ್ತಲೇ ಇರಲಿಲ್ಲ. ಬರೀ ಅಕ್ಷರ ಇರುತ್ತಿತ್ತು. 2025ರ ಮೇ 26ರಿಂದ ಅದು ಬದಲಾಗಿದೆ. ಈಗ ಓದನ್ನೂ ಕತಕಾನದಲ್ಲಿ ದಾಖಲಿಸುತ್ತಾರೆ. ಆ ಓದು ಜನ ಸಾಮಾನ್ಯವಾಗಿ ಒಪ್ಪುವಂಥದ್ದು ಆಗಿರಬೇಕು. "ಎತ್ತರ" ಅನ್ನುವ ಅಕ್ಷರ ಬರೆದು "ತಗ್ಗು" ಅಂತ ಓದಿಸಲು ಆಗುವುದಿಲ್ಲ. ತಾರೋ ಅಂತ ಬರೆದು ಜಿರೋ ಅಥವಾ ಮೈಕಲ್ ಅಂತ ಓದಿಸಲೂ ಆಗುವುದಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. "ಹಾರುವ ಹಕ್ಕಿ" ಅಂತ ಬರೆದು ಅಸುಕಾ ಅನ್ನುವುದು ಹಳೆಯ ರೂಢಿ, ಅದು ನಡೆಯುತ್ತದೆ. "ಮನಸ್ಸು, ಪ್ರೀತಿ" ಅಂತ ಬರೆದು ಕೊಕೊವಾ ಅನ್ನುವಂಥ, ಅಕ್ಷರದ ಓದಿನ ಒಂದು ತುಂಡನ್ನಷ್ಟೇ ಹಿಡಿಯುವ ಅರ್ಧ ಓದುಗಳೂ ನಡೆಯುತ್ತವೆ. ಆಗಲೇ ಹೆಸರಿದ್ದವರಿಗೆ ಓದು ಸರಿ ಇದೆಯಾ ನೋಡಿ ಅಂತ ಪತ್ರ ಕಳಿಸಿದರು. ನಮಗೂ ಬಂತು. ಮಿಯೊ ಅಂತಲೇ ಇತ್ತು.

ಹದಿನಾಲ್ಕು ದಿನ

ಹುಟ್ಟಿದ ದಿನವನ್ನೂ ಸೇರಿಸಿ 14 ದಿನದೊಳಗೆ ಅರ್ಜಿ ಕೊಡಬೇಕು. ಜಪಾನಿನ ಹೊರಗೆ ಹುಟ್ಟಿದರೆ ಮೂರು ತಿಂಗಳು. ಅರ್ಜಿಯ ಬಲಭಾಗ ವೈದ್ಯರು ಅಥವಾ ಸೂಲಗಿತ್ತಿ ತುಂಬುವ ಪ್ರಮಾಣಪತ್ರ. ಎಡಭಾಗ ನಮ್ಮದು. ಹೆಸರನ್ನು ಅವಸರದಲ್ಲಿ ಬರೆಯಬೇಡಿ. ಒಂದೇ ಕಾಂಜಿಗೆ ಹಳೆಯ ರೂಪ, ಹೊಸ ರೂಪ ಎರಡೂ ಪಟ್ಟಿಯಲ್ಲಿರಬಹುದು. ರಿನ್ ಅಕ್ಷರಕ್ಕೆ ಹಾಗೆ ಎರಡು ರೂಪ ಇವೆ. ವ್ಯತ್ಯಾಸ ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ. ಯಾವುದು ಬರೆದಿರೋ ಅದೇ ಕೊಸೆಕಿಗೆ ಹೋಗುತ್ತದೆ. ಆಮೇಲೆ ಹೆಸರು ಬದಲಿಸಬೇಕಾದರೆ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ಸರಿಯಾದ ಕಾರಣ ತೋರಿಸಬೇಕು. ಬೇಕಾದ ರೂಪವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಜತೆಗೆ ಒಯ್ಯಿರಿ. ನಮ್ಮ ಮನೆಯವರು ಹಾಗೇ ಮಾಡಿದರು.

ಏಳನೇ ರಾತ್ರಿಗೆ ಒಶಿಚಿಯಾ ಅನ್ನುತ್ತಾರೆ. ಅಂದು ಹೆಸರನ್ನು ಕುಂಚದಲ್ಲಿ ಬರೆದು ಗೋಡೆಗೆ ಹಚ್ಚುವ ಪದ್ಧತಿ ಇದೆ. ಆ ಹಾಳೆಗೆ ಮೇಯ್‌ಮೇಯ್‌ಶೋ ಅಂತ ಹೆಸರು. ನಮ್ಮದನ್ನು ಅತ್ತೆ ಬರೆದರು. ಮೂರು ಹಾಳೆ ಹಾಳಾದವು, ನಾಲ್ಕನೆಯದು ಒಪ್ಪಿಗೆಯಾಯಿತು. ನೀವು ಬರೆಸಿದಾಗ ಒಂದು ಕೆಲಸ ಮಾಡಿ. ಹಾಳೆಯ ಹಿಂದೆ ಕಾರಣವನ್ನೂ ಬರೆದಿಡಿ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಎರಡನೇ ತರಗತಿಯ ಮಕ್ಕಳಿಗೆ "ನಿನ್ನ ಹೆಸರು ಹೇಗೆ ಬಂತು ಅಂತ ಮನೆಯಲ್ಲಿ ಕೇಳಿಕೊಂಡು ಬಾ" ಅಂತ ಹೇಳುತ್ತಾರೆ. ಆ ಹೊತ್ತಿಗೆ ನಮಗೆ ಅರ್ಧ ಮರೆತಿರುತ್ತದೆ. ನಮ್ಮ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ, ಎರಡು ಭಾಷೆಯಲ್ಲಿ, ಹೀಗಿದೆ: "ತೆಳು ನೀರಿನ ನಡುವೆ ದೋಣಿ ಹೋಗುವ ಆಳದ ಹಾದಿ. ಅಜ್ಜಿಯ ಊರಿನ ಗುರುತು. ಮಳೆಯ ಕೆಳಗೆ ರೇವಾದ ರೇ. ಹರುಕ ಬೇಡ ಅಂದವರು ಇನ್ನೊಬ್ಬ ಅಜ್ಜಿ."